ದೊಡ್ಡವ್ವನ ಕರಿ ಎಳೆಯ ಹೊಸ್ತಿಲು

ಸಾರಿನ ಪಾತ್ರೆಯ ಬುಡ ನೋಡಿ ಭೂಮಿಯ ಹೊಟ್ಟೆಯೊಳಗಿನ ಸಂಗತಿ ಹೇಳುವ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ದಿನಾ ಕಾಣುತ್ತೇನೆ. ನಮ್ಮ ದೊಡ್ಡವ್ವ, ಅವ್ವನ ಅಕ್ಕ! ಇರಕಲ್ಲಗಡದ ಆಚೆಯ ಕ್ವಾರಿಯಲ್ಲಿ ನಾವು ಕಲ್ಲು ಒಡೆಯುತ್ತೇವೆ, ಆಕೆ ನಮಗೆ ಅಡುಗೆ ಮಾಡುತ್ತಾಳೆ. ಒಮ್ಮೆ ಕಲ್ಲಿನ ಬಗ್ಗೆ ಓದುವ ಕಾಲೇಜು ಹುಡುಗಿಯೊಬ್ಬಳು ಬಂದು, ಆಕೆಯ ರೊಟ್ಟಿ ತಿಂದು, ಗ್ರಾನೈಟಿನೊಳಗೆ ಟೂರ್ಮಲೀನ್ ಎಂಬ ಕರಿ ಹರಳು ಹುಟ್ಟುವ ಕಥೆ ಹೇಳಿ ಹೋದಳು. ಮುಗಿಯಿತು! ಅಂದಿನಿಂದ ಊಟಕ್ಕೆ ಮೊದಲು ನಮಗೆ ಪಾಠ.

"ಭೂಮಿ ಹೊಟ್ಟ್ಯಾಗ ಕಲ್ಲು ಕುದಿತಿತ್ತಲೇ, ನನ್ನ ಸಾರಿನಂಗ. ಆರಿಕೋತ ಬಂದಂಗ ಬಿಳೇದು, ಕೆಂಪಂದು, ಮಿಂಚೂದು, ಎಲ್ಲಾ ತಮ್ಮ ತಮ್ಮ ಜಾಗ ಹಿಡದು ಗಟ್ಟಿ ಆದ್ವು. ಬೋರಾನ್ ಅಂತ ಒಂದಿತ್ತು. ಅದನ್ನ ಯಾರೂ ಒಳಗ ಕರೀಲಿಲ್ಲ. ಕಡೀಕ ಬುಡದಾಗ ಉಳಿದ ತಿಳಿಸಾರಿನ ಜೋಡಿ ಬಿರುಕಿನಾಗ ಹೊಕ್ಕು, ಸಾವಕಾಶ ಕರಿ ಹರಳಾತು."

"ದೊಡ್ಡವ್ವಾ, ನಮ್ಮ ಸಾರೂ ಆರಿ ಹರಳಾಗಾಕತ್ತೈತಿ, ನೀಡು!"

"ಬುಡದ್ದು ಭಾಳ ರುಚಿ ಇರತೈತಿ, ಸುಮ್ನ ಕುಂಡ್ರು!"

ಆ ಹರಳು ಕಾದರೆ ಬೂದಿಯನ್ನು ಎಳೆದುಕೊಳ್ಳುತ್ತದಂತೆ. ಪರೀಕ್ಷೆ ಮಾಡದೆ ಬಿಟ್ಟಾಳೆಯೇ? ಒಂದನ್ನು ಒಲೆಯ ಪಕ್ಕ ಕಾಯಿಸಿ, ಎಲ್ಲರನ್ನೂ ಕೂಗಿ ತೋರಿಸಿದಳು. ಹರಳಿಗೆ ಹತ್ತಿದ್ದು ಚಿಟಿಕೆ ಬೂದಿ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿಯೇ ಬೂದಿ!

ಇಂಥವಳು ತಾನು ಕಟ್ಟಿಸುತ್ತಿದ್ದ ಹೊಸ ಮನೆಗೆ ಸಾದಾ ಕಲ್ಲು ಹಾಕಿಸುತ್ತಾಳೆಯೇ? ಕರಿ ಹರಳಿನ ಎಳೆ ಹಾಯ್ದ ಕಲ್ಲೇ ಹೊಸ್ತಿಲಿಗೆ ಬೇಕೆಂದಳು.

"ಅದು ಎಳಿಗುಂಟ ಸೀಳತೈತಿ ಯವ್ವಾ, ಬ್ಯಾರೇದು ತರಸ್ರಿ" ಎಂದ ಗೋಡೆ ಕಟ್ಟುತ್ತಿದ್ದ ಗೌಂಡಿ.

"ಕಡಿಯಾಂವ ನನ್ನ ಮಗ. ನೀ ಸಿಮೆಂಟ್ ಕಲಸು."

ಶಾಲೆಯನ್ನು ಐದನೇ ತರಗತಿಗೇ ಬಿಟ್ಟವನು ನಾನು; ಆದರೆ ನನ್ನ ಉಳಿ ಒಂದು ಹೊಸ್ತಿಲನ್ನೂ ಕೆಡಿಸಿರಲಿಲ್ಲ. ನನಗೂ ಹಟ ಬಂತು. ಉಸಿರು ಬಿಗಿಹಿಡಿದು ಕಡಿದೆ. ಕೊನೆಯ ಮೂಲೆಗೆ ಉಳಿ ಇಟ್ಟಿದ್ದಷ್ಟೇ, ಟಕ್! ಎಳೆ ಹಿಡಿದು, ಉದ್ದಕ್ಕೂ ಎರಡು ಹೋಳು!

ಗೌಂಡಿ ನಕ್ಕ. ನಾನು ತಲೆ ಎತ್ತಲಿಲ್ಲ. ದೊಡ್ಡವ್ವ ಕುಕ್ಕರಗಾಲಲ್ಲಿ ಕುಳಿತು ಹೋಳುಗಳ ಅಂಚು ಸವರಿದಳು. ಎರಡರಲ್ಲೂ ಕರಿ ಹರಳು ಮಿನುಗುತ್ತಿತ್ತು.

"ಛಲೋ ಆತು. ಒಂದು ನನ್ನ ಬಾಗಲಕ್ಕ, ಒಂದು ನಿನ್ನ ಬಾಗಲಕ್ಕ."

"ಅಗಲ ಕಮ್ಮಿ ಬೀಳತೈತ್ರಿ" ಎಂದ ಗೌಂಡಿ.

"ದಾಟಾಕಿ ನಾನು, ನೀ ಅಲ್ಲ!"

"ನನ್ನ ಮನಿಗೆ ಯಾಕ, ದೊಡ್ಡವ್ವಾ?" ಎಂದೆ.

"ಸಾಲಿ ಬಿಟ್ಟು ಬಂದಾಗ ನಿನ್ನೂ ಯಾರೂ ಒಳಗ ಕರೀಲಿಲ್ಲಲ್ಲೋ, ತಮ್ಮಾ."

ಅಂದು ಕರೆದು ರೊಟ್ಟಿ ಕೊಟ್ಟವಳು, ಕೈಗೆ ಉಳಿ ಕೊಡಿಸಿದವಳು ಆಕೆಯೇ. ನಾನು ಉಳಿ ಎತ್ತಿಕೊಂಡು, ಮೊದಲು ಆಕೆಯ ಹೋಳನ್ನು ನುಣುಪು ಮಾಡತೊಡಗಿದೆ.