ದ್ರಾಕ್ಷಾಸವ ಗಸಿ ಸಮೇತ ಬೇಕು

ಧಾರವಾಡದ ನಮ್ಮ ಓಣಿಗೆಲ್ಲ ಔಷಧ ತಯಾರಿಸಿ ಕೊಡುವ ಶ್ರೀ ಗುರುಶಿದ್ದಪ್ಪನವರ ಸನ್ನಿಧಿಗೆ,

ಮಾನ್ಯರೇ,

ಕೂಸನ್ನು ಎತ್ತಿಕೊಂಡು ಕೈಮುಗಿಯಲು ಬಾರದ್ದರಿಂದ, ತಲೆ ಬಾಗಿಸಿದ್ದನ್ನೇ ಪೂರ್ಣ ನಮಸ್ಕಾರವೆಂದು ತಾವು ಸ್ವೀಕರಿಸಬೇಕು. ಬಾಣಂತಿಯಾದಂದಿನಿಂದ ನನ್ನನ್ನು ನಿಲ್ಲಿಸಿರುವುದು ಮನೆಯ ಗೋಡೆ ಮತ್ತು ತಮ್ಮ ದ್ರಾಕ್ಷಾಸವ. ಪಾನನಿರೋಧದ ಈ ಕಾಲದಲ್ಲಿ ಮರ್ಯಾದಸ್ಥರ ಮನೆಗೆ ಮುಂಬಾಗಿಲಿನಿಂದಲೇ ಬರುವ ಹುಳಿಸಿದ ದ್ರಾಕ್ಷಿರಸ ಅದೊಂದೇ ಆದ್ದರಿಂದ, ಮಲಗುವಾಗ ಎರಡು ಚಮಚ ಕುಡಿದು, ಕೂಸು ಬಿಟ್ಟಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದೆ.

ಆಗ ಅದು ಹೊಸ ನೀರು ಬಂದ ಹಳ್ಳದಂತೆ ಕದಡಿರುತ್ತಿತ್ತು, ತಳದಲ್ಲಿ ಗಸಿ ಕೂತಿರುತ್ತಿತ್ತು. ಗಸಿ ಕಂಡ ಗಿರಾಕಿಗಳು ಕಲಬೆರಕೆಯೆಂದು ಮೂಗು ಮುರಿದರೆಂದು ತಾವು ಅದನ್ನು ತಿಳಿಗೊಳಿಸಿದಿರಿ. ಎಂಥ ತಿಳಿ! ನಮ್ಮ ಅತ್ತೆ ಶೇವಂತೆವ್ವನವರು ಬಾಟಲಿಯನ್ನು ಕಿಟಕಿಗೆ ಹಿಡಿದು, "ಏನ್ ಛಲೋ ಕಾಣಾಕತ್ತೈತಿ, ಇದರಾಗ ಮಾರಿ ನೋಡ್ಕೋಬಹುದು" ಎಂದು ಹೊಗಳಿ, ಪೂಜೆ ಮುಗಿದೊಡನೆ ತಾವೂ ಒಂದು ಚಮಚ ಶುರು ಮಾಡಿದರು.

ಇಷ್ಟರಲ್ಲಿ, ಹಿತ್ತಲ ಗೋಡೆಯಾಚೆ ಕೋಳಿ ಸಾಕುವ ಅಬೀದಾ ಸಂತೋಷ ತಡೆಯಲಾರದೆ ಕೂಗಿ ಹೇಳಿದಳು: "ಅಕ್ಕಾರ, ನಿಮ್ಮ ಔಷಧದವರು ನಮ್ಮ ತತ್ತಿ ಬಿಟ್ಟು ಬ್ಯಾರೆ ಮುಟ್ಟಂಗಿಲ್ರಿ! ಬಿಳೇದು ಕಡದು ದ್ರಾಕ್ಷಿ ಪೀಪಾಯಿಗೆ ಹಾಕ್ತಾರ, ಹಳದಿ ನಮಗ ವಾಪಸ್ ಕಳಸ್ತಾರ." ಪುಣ್ಯಕ್ಕೆ ಅತ್ತೆಯವರು ಪೂಜೆಯ ಗಂಟೆ ಬಾರಿಸುತ್ತಿದ್ದರು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳಾಗಿ ಒಪ್ಪುತ್ತೇನೆ: ಮೊಟ್ಟೆಯ ಬಿಳಿ ತೇಲುವ ಕದಡನ್ನೆಲ್ಲ ಅಪ್ಪಿಕೊಂಡು ತಳಕ್ಕಿಳಿಯುತ್ತದೆ, ಮೇಲಿನದು ಗಾಜಾಗುತ್ತದೆ, ವಿಜ್ಞಾನಕ್ಕೆ ಜಯವಾಗಲಿ. ಆದರೆ ಮೊಟ್ಟೆಯನ್ನು ಹೆಸರು ಹಿಡಿದು ಕರೆಯದೆ "ಅದು" ಎಂದಷ್ಟೇ ಹೇಳುವ ಅತ್ತೆಯವರಿಗೆ ಈ ವಿಜ್ಞಾನವನ್ನು ಹೇಗೆ ತಿಳಿಸಲಿ? ಹೇಳಿದರೆ ಬಾಟಲಿ ಬಚ್ಚಲಿಗೆ, ಅದರ ಹಿಂದೆಯೇ ನನ್ನ ನಿದ್ದೆ. ಹೇಳದಿದ್ದರೆ ದಿನವೂ ಆ ಚಮಚವನ್ನು ನೋಡುತ್ತ ಕೂಡುವ ಪಾಪ. ಈ ಔಷಧ ಬಾಣಂತಿಗೆ ಮಾತ್ರ ಎಂದು ತಡೆದು ನೋಡಿದೆ. "ಹಡದಾಕಿ ನೀ ಒಬ್ಬಾಕಿನ ಏನು? ನಾನೂ ಆರು ಹಡದೇನಿ!" ಎಂದು ಇನ್ನೂ ದೊಡ್ಡ ಚಮಚ ತಂದರು.

ಆದ್ದರಿಂದ ತಾವು ಅಬೀದಾಳ ಕೋಳಿಗಳಿಗೆ ದೀಕ್ಷೆ ಕೊಡಿಸಿ ಸಸ್ಯಾಹಾರಿ ತತ್ತಿ ಇಡಿಸಬೇಕು. ಇಲ್ಲವೇ ಅದೇ ಬಿಳಿಯಿಂದ ನಮ್ಮ ಕೂಸಿನ ಅಳುವನ್ನೂ ತಳಕ್ಕಿಳಿಸಿ ತೋರಿಸಬೇಕು. ಎರಡೂ ಕಷ್ಟವಾದರೆ, ಏನೂ ಮಾಡದಿರುವ ಉಪಕಾರ ಮಾಡಿ. ಪೀಪಾಯಿಯನ್ನು ಅದರ ಪಾಡಿಗೆ ಬಿಡಿ. ಗಸಿ ಮನಸ್ಸು ಬಂದಾಗ ಕೂಡಲಿ, ಬಾರದಿದ್ದರೆ ತೇಲಲಿ. ಕೂಸು ಇರುವ ಮನೆಯಲ್ಲಿ ಏನೊಂದೂ ತಿಳಿಯಾಗಿರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ.

ಕದಡಿದ ಬಾಟಲಿಯ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ನಿರುಪಮಾ

ತಾ.ಕ.: ಈ ಪತ್ರವನ್ನು ನಮ್ಮ ಮನೆಗೆ ಬರುವ ಪತ್ರಿಕೆಗೇ ಅಚ್ಚಿಗೆ ಕೊಟ್ಟಿದ್ದೇನೆ. ಅತ್ತೆಯವರಿಗೆ ಓದಲು ಬಾರದು, ಪತ್ರಿಕೆ ಓದಿ ಹೇಳುವವಳು ನಾನೇ. ತಮ್ಮ ಬಾಟಲಿ ಬರುವತನಕ ಈ ಪುಟವನ್ನು ಹಾರಿಸುತ್ತೇನೆ. ತಡವಾದರೆ, ನಿದ್ದೆಗೆಟ್ಟವಳ ಕೈ ಯಾವ ಪುಟ ತೆರೆದೀತೋ ನನಗೇ ಭರವಸೆಯಿಲ್ಲ. ಅತ್ತೆಯವರಿಗೆ ಮಂಡಿನೋವೆಂದು ತಾವು ನೆಮ್ಮದಿಯಾಗಿರಬೇಡಿ. ತಮ್ಮ ಅಂಗಡಿಯ ಮೆಟ್ಟಿಲು ಹತ್ತುವಷ್ಟು ಶಕ್ತಿಯನ್ನು ತಮ್ಮ ದ್ರಾಕ್ಷಾಸವವೇ ಕೊಟ್ಟಿದೆ.