ಮಿರ್ಲೆಗೆ ಬಂದ ಪೊಲೀಸ್ ಕುದುರೆ

ನಮ್ಮ ಯಜಮಾನರ ಸೋದರಮಾವ ಪಂಪ್‌ಸೆಟ್ಟಿಗೆ ಬೆಲ್ಟ್ ತರಲು ಮೈಸೂರಿಗೆ ಹೋದರೆ ಬೆಲ್ಟನ್ನೇ ತರುತ್ತಾರೆಂದು ನಂಬುವವರು ಮಿರ್ಲೆಯಲ್ಲಿ ಯಾರೂ ಇರಲಿಲ್ಲ. ಹಾಗೆಂದು ಬೆಲ್ಟಿನ ಬದಲು ಕುದುರೆ ತರುವವರನ್ನು ನೀವೆಲ್ಲಾದರೂ ಕಂಡಿದ್ದೀರಾ? ೧೯೭೦ರ ಸುಮಾರು, ನಾನು ಮದುವೆಯಾಗಿ ಬಂದ ಹೊಸತು. ಪೊಲೀಸ್ ಇಲಾಖೆಯಿಂದ ನಿವೃತ್ತವಾದ ಕಂದು ಕುದುರೆಯೊಂದನ್ನು ಮಾವ ಮನೆಗೆ ನಡೆಸಿಕೊಂಡು ಬಂದರು.

"ಲಾಯದ ಮೂಲೇಲಿ ಒಂಟಿಯಾಗಿ ನಿಂತಿತ್ತು. ಇನ್ನು ದುಡಿಸಲ್ಲ ಅಂತ ಮಾತು ಕೊಟ್ಟು ತಂದಿವ್ನಿ."

ಮಾವನ ಹೆಂಡತಿ, ನಮ್ಮ ಅತ್ತೆ, ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಉಳಾಕಾಗಲ್ಲ, ಆಲು ಕರೆಯಾಕಾಗಲ್ಲ. ಗೌರಿ ಅಬ್ಬದೊಳಗೆ ಜಟಕಾದೋನಿಗೆ ಕೊಟ್ಬುಡಿ."

ಕುದುರೆಗೆ ಕನ್ನಡ ತಿಳಿಯದು ಎಂಬುದು ಮಾವನ ಸಂಶೋಧನೆ. ಮಳೆ ಹನಿಯುತ್ತಿದ್ದ ಒಂದು ಸಂಜೆ ನನ್ನನ್ನು ಅಂಗಳಕ್ಕೆ ಕರೆದರು. "ಕಾನ್ವೆಂಟಲ್ಲಿ ಓದಿದೋಳು ನೀನು. ಇಂಗ್ಲಿಷಲ್ಲಿ ಎರಡು ಮಾತಾಡವ್ವ, ಕೊಟ್ಟಿಗೆ ಒಳಕ್ಕೆ ಬರ್ಲಿ."

ನಾನು ಸೆರಗು ಸರಿಮಾಡಿಕೊಂಡು, "ಪ್ಲೀಸ್ ಕಮ್ ಇನ್" ಎಂದೆ. ಕುದುರೆ ಬಾಲವನ್ನೂ ಅಲ್ಲಾಡಿಸಲಿಲ್ಲ. ಸಿಸ್ಟರುಗಳ ಇಂಗ್ಲಿಷೇ ಬೇರೆ, ಪೊಲೀಸರದೇ ಬೇರೆ! ಕೊನೆಗೆ ಅತ್ತೆ ಅಡುಗೆಮನೆಯಿಂದಲೇ, "ಬಾರ್ಲಾ ಒಳೀಕೆ" ಎಂದು ಗದರಿದರು. ತಲೆ ತಗ್ಗಿಸಿ ಒಳಗೆ ಹೋಯಿತು.

ಪೊಲೀಸರಲ್ಲಿ ಕಲಿತ ಒಂದು ಅಭ್ಯಾಸವನ್ನು ಮಾತ್ರ ಅದು ಬಿಡಲಿಲ್ಲ. ಜನ ಗುಂಪು ಕೂಡಿದರೆ ಸಾಕು, ಅಡ್ಡಡ್ಡ ಹೆಜ್ಜೆ ಹಾಕುತ್ತ, ಯಾರನ್ನೂ ತುಳಿಯದೆ, ಪಕ್ಕೆಯಿಂದಲೇ ಮೆತ್ತಗೆ ಒತ್ತಿ ಚದುರಿಸಿಬಿಡುತ್ತಿತ್ತು. ಇದು ಗೊತ್ತಿದ್ದೂ ಮಾವ ಪಕ್ಕದ ಮನೆಯ ಮದುಮಗನನ್ನು ಅದರ ಮೇಲೆ ಕೂರಿಸಿದರು. ವಾಲಗ ಶುರುವಾಯಿತು, ದಿಬ್ಬಣದವರು ಸುತ್ತ ಸೇರಿದರು, ಕುದುರೆಗೆ ಕರ್ತವ್ಯ ನೆನಪಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬೀಗರು ಜಗಲಿಯ ಮೇಲೆ, ವಾಲಗದವರು ತಿಪ್ಪೆಯ ಮೇಲೆ! ಖಾಲಿ ಬೀದಿಯಲ್ಲಿ ಬಾಸಿಂಗ ಹಿಡಿದುಕೊಂಡ ಮದುಮಗ ಒಬ್ಬನೇ.

"ದೊಡ್ಡಪ್ಪಾ, ಇಳಿಸಿ" ಎಂದು ಅವನು ಕೂಗಿದರೆ, ಮಾವ ಹೆಮ್ಮೆಯಿಂದ, "ಒಬ್ರಿಗಾದ್ರೂ ಗೀರು ಬಿತ್ತಾ ನೋಡ್ರಲಾ" ಎನ್ನುತ್ತಿದ್ದರು.

ಅತ್ತೆಗೆ ಅಷ್ಟು ಸಾಕಾಯಿತು. ಮರುದಿನವೇ ಕೃಷ್ಣರಾಜನಗರದ ಜಟಕಾದವನನ್ನು ಕರೆಸಿದರು. ಅವರಿಗೆ ಎದುರಾಡಿ ಅಭ್ಯಾಸವಿಲ್ಲದ ಮಾವ ಬಾಳೆಗಿಡಗಳ ಮರೆಗೆ ಹೋಗಿ ನಿಂತರು. ಜಟಕಾದವನು ಕುದುರೆಯ ಹಲ್ಲು ನೋಡಿ, "ವಯಸ್ಸಾಗೈತೆ ಕಣವ್ವ. ಆದ್ರೂ ಚಾಟಿ ಏಟು ಕೊಟ್ರೆ ಎಳೀತದೆ" ಎಂದ.

ದಾರಿಗಿರಲೆಂದು ಬೇಯಿಸಿದ ಹುರುಳಿ ಹಿಡಿದು ಬಂದಿದ್ದ ಅತ್ತೆ ಅಲ್ಲೇ ನಿಂತರು. ಲಗಾಮಿನ ಪಟ್ಟಿ ವರ್ಷಗಟ್ಟಲೆ ಉಜ್ಜಿ, ಕುದುರೆಯ ಕೆನ್ನೆಯ ಕಂದು ಕೂದಲಿನಲ್ಲಿ ಬಿಳಿಯ ಗೆರೆಯೊಂದು ಮೂಡಿತ್ತು. ಅದರ ಮೇಲೆ ಬೆರಳಾಡಿಸಿದರು.

"ನೀನು ಓಗಪ್ಪ" ಎಂದರು ಜಟಕಾದವನಿಗೆ. "ಏಟು ತಿಂದು ಎಳೆಯೋ ಕಾಲ ಮುಗೀತು ಇದ್ಕೆ."

ಆಮೇಲೆ ಬಾಳೆಗಿಡಗಳ ಕಡೆ ತಿರುಗದೆಯೇ, "ಅಲ್ಲಿ ಅಳ್ತಾ ನಿಂತಿರೋರು ಬಂದು ನೀರು ಮಡಗಲಿ" ಎಂದು, ಹುರುಳಿಯನ್ನು ಅಂಗೈಯಲ್ಲಿ ಹಿಡಿದು ತಾವೇ ತಿನ್ನಿಸತೊಡಗಿದರು.