ಕಂಬಳಿಯೊಳಗಿನ ತಪಾಸಣೆ

ಡಾಕ್ಟರನ್ನೇ ತಪಾಸಣೆ ಮಾಡಿ ಕಳಿಸುವ ರೋಗಿಯನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಬಂಡ್ರಿಗೆ ಬನ್ನಿ, ನನ್ನ ಸೋದರತ್ತೆ ಅಲ್ಲೇ ಇದ್ದಾಳೆ!

ಊರಿನ ಸಮುದಾಯ ಭವನದಲ್ಲಿ ವಾರಕ್ಕೊಮ್ಮೆ ಟ್ಯಾಬ್ ಇಟ್ಟು, ಎಲ್ಲೋ ದೂರದಲ್ಲಿರುವ ಡಾಕ್ಟರಮ್ಮನ ಜೊತೆ ಜನರನ್ನು ಮಾತಾಡಿಸುತ್ತಾರೆ. ಅದರಿಂದ ಜನರಿಗೆ ಎಷ್ಟು ಉಪಯೋಗವಾಗಿದೆ ಎಂದು ಊರೂರು ತಿರುಗಿ ಕೇಳುವುದು ನನ್ನ ಕೆಲಸ. ಅತ್ತೆ ಒಂದು ವಾರವೂ ತಪ್ಪಿಸುವವಳಲ್ಲ. ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟು, ಮುಖಕ್ಕೆ ಪೌಡರ್ ಬಳಿದುಕೊಂಡು ಬಂದು ಕೂರುತ್ತಾಳೆ. ಏನು ತೊಂದರೆ ಎಂದು ಡಾಕ್ಟರಮ್ಮ ಕೇಳಿದರೆ, ತನಗೇನೂ ಇಲ್ಲ ಎನ್ನುತ್ತಾಳೆ. ಆಮೇಲೆ ಇವಳ ಸರದಿ: ಊಟ ಆಯಿತೇ, ಕಣ್ಣು ಯಾಕೆ ಬಾಡಿವೆ, ನಿದ್ದೆ ಸರಿಯಾಗಿ ಬರುತ್ತದೋ ಇಲ್ಲವೋ! ಒಮ್ಮೆ ಡಾಕ್ಟರಮ್ಮ ಸೀನಿದ್ದಕ್ಕೆ ಶುಂಠಿ ಕಷಾಯ ಹೇಳಿಕೊಟ್ಟು, ಮುಂದಿನ ವಾರ ಕುಡಿದರೋ ಇಲ್ಲವೋ ಎಂದೂ ವಿಚಾರಿಸಿದಳಂತೆ.

ನನ್ನ ಮೇಲಧಿಕಾರಿ ನನ್ನ ಜೊತೆ ಬಂದ ದಿನವೇ ಅತ್ತೆ ಕಂಬಳಿ ಹೊದ್ದು ಬರಬೇಕೆ? ಅದೂ ಉರಿಬಿಸಿಲಿನ ಮಧ್ಯಾಹ್ನ! ಬಂದವಳೇ ಟ್ಯಾಬ್ ಎತ್ತಿಕೊಂಡು, ಅದರ ಸಮೇತ ಕಂಬಳಿಯೊಳಗೆ ಹೊಕ್ಕಳು. ಸರದಿಗೆ ಕಾಯುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರು ಯಾರೆಂದು ಅಧಿಕಾರಿ ಕೇಳಿದರು. ನಮ್ಮತ್ತೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಎಬ್ಬಿಸೋಣವೆಂದು ಹತ್ತಿರ ಹೋಗಿ ಬಗ್ಗಿದೆ.

ಒಳಗಿಂದ ಪಿಸುಮಾತು ಕೇಳಿಸಿತು. "ಕೆಮ್ಮಿದ್ರ, ನಕ್ರ ಸೀರ್‍ಯಾಗ ಒಂದಕ್ಕ ಆಗಿಬಿಡ್ತೈತ್ರಿ. ಇಷ್ಟು ಮಂದ್ಯಾಗ ಹೆಂಗ ಹೇಳ್ಲಿ ಯವ್ವಾ, ಭಾಳ ನಾಚ್ಕಿ."

ವಾರವಾರವೂ ಅದನ್ನೇ ಹೇಳಲು ಬಂದು, ಸುತ್ತ ಕೂತ ಜನರನ್ನು ಕಂಡು, ಊಟ ನಿದ್ದೆಯ ಮಾತಾಡಿ ಎದ್ದು ಹೋಗುತ್ತಿದ್ದಳು! ತೃಪ್ತಿಯಾಯಿತೇ ಎಂದು ಊರೆಲ್ಲ ಕೇಳಿದ ನಾನು, ಡಾಕ್ಟರ ಹತ್ತಿರ ಮಾತಾಡುವಾಗ ಪಕ್ಕದಲ್ಲಿ ಯಾರಿದ್ದರು ಎಂದು ಒಬ್ಬರನ್ನೂ ಕೇಳಿರಲಿಲ್ಲ.

"ಇವರು ನಮ್ಮ ಸೋದರತ್ತೆ ಸರ್," ಎಂದೆ. "ಎಲ್ಲರೂ ಸ್ವಲ್ಪ ಹೊರಗೆ ನಡೀರಿ. ನೀವೂ."

ಬಾಗಿಲು ಹಾಕಿದೆ. ಇದು ಎಷ್ಟೋ ಹೆಂಗಸರಿಗೆ ಇರುತ್ತದೆ, ವಾಸಿ ಮಾಡಬಹುದು ಎಂದು ಡಾಕ್ಟರಮ್ಮ ಸಮಾಧಾನವಾಗಿ ಹೇಳಿ, ಸಂಡೂರಿನ ಆಸ್ಪತ್ರೆಗೆ ತೋರಿಸಲು ತಿಳಿಸಿದರು. ನಾನೇ ಕರೆದುಕೊಂಡು ಹೋಗುವುದೆಂದಾಯಿತು.

ಕಂಬಳಿ ಸರಿಸಿ ಅತ್ತೆ ಹೊರಗೆ ಬಂದಳು. ಬೆವರಿಗೆ ಪೌಡರೆಲ್ಲ ಇಳಿದುಹೋಗಿತ್ತು. ನನ್ನ ಕೈ ಹಿಡಿದುಕೊಂಡು, ತನಗೇ ನಂಬಿಕೆ ಬಾರದವಳ ಹಾಗೆ ಮೆಲ್ಲಗೆ ಹೇಳಿದಳು:

"ಎಲ್ಲಾ ಹೇಳಿದ್ನಿ ಸೊಸಿ. ಆಕಿ ನಗ್ಲಿಲ್ಲ ನೋಡು."